ಸಣ್ಣ ಗಂಟು

ದರ್ಜಿಯ ಹೆಂಡತಿಗೆ ಕಡ್ಡಿಯನ್ನು ಗುಡ್ಡ ಮಾಡುವ ಚಾಳಿ. ಗಂಡ ಎರಡು ಸಲ ಸೀನಿದರೆ ಸಾಕು, ನ್ಯುಮೋನಿಯಾ ಎಂದು ಬೀದಿಗೆಲ್ಲ ಡಂಗುರ ಸಾರುತ್ತಿದ್ದಳು. ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಲ ಗುಡ್ಡವನ್ನು ಕಡ್ಡಿ ಮಾಡಿದಳು. ಎಡವಟ್ಟಾಗಿದ್ದೇ ಅಲ್ಲಿ.

ಗಂಡನ ಎದೆಯ ಪರೀಕ್ಷೆಯ ಫಲಿತಾಂಶ ಕೇಳಲು ಅವಳೊಬ್ಬಳೇ ಹೋಗಿದ್ದಳು. ಅವನಿಗೆ ಯಾರದೋ ಕೋಟು ಮುಗಿಸಿಕೊಡುವ ಗಡಿಬಿಡಿ.

"ಶ್ವಾಸಕೋಶದ ಕ್ಯಾನ್ಸರ್ ಅಮ್ಮಾ. ಆದ್ರೆ ಬೇಗ ಸಿಕ್ಕಿದೆ," ಎಂದರು ಡಾಕ್ಟರು. "ಆ ಭಾಗ ತೆಗೆದ್ರೆ ಪೂರ್ತಿ ವಾಸಿಯಾಗೋ ಸಾಧ್ಯತೆ ಚೆನ್ನಾಗಿದೆ. ಆಪರೇಷನ್ ತಡ್ಕೊಳ್ಳೋಕೆ ಆಗದವರಿಗೆ ಗಡ್ಡೆಗಷ್ಟೇ ಗುರಿಯಿಟ್ಟು ರೇಡಿಯೇಷನ್ ಕೊಡ್ತೀವಿ. ನಿಮ್ಮ ಯಜಮಾನ್ರು ಗಟ್ಟಿಮುಟ್ಟಾಗಿದ್ದಾರೆ, ಆಪರೇಷನ್ನೇ ಒಳ್ಳೇದು. ಕರ್ಕೊಂಡು ಬನ್ನಿ, ನಾನೇ ಹೇಳ್ತೀನಿ."

"ಬೇಡಿ ಸಾರ್, ಅಲ್ಲೇ ಕುಸಿದುಬಿಡ್ತಾರೆ. ನಾನೇ ನಿಧಾನವಾಗಿ ಹೇಳ್ತೀನಿ."

ಹೇಳಿದಳೇ? ಅಂಗಡಿಯಲ್ಲಿ ಅವನು ಗುಂಡುಸೂಜಿ ಕಚ್ಚಿಕೊಂಡು ಕೋಟಿಗೆ ತೋಳು ಜೋಡಿಸುತ್ತಿದ್ದ. ಆ ಮುಖ ನೋಡಿದ್ದೇ ತಡ, ನಾಲಿಗೆ ಹೊರಳಲಿಲ್ಲ ಪುಣ್ಯಾತ್ಗಿತ್ತಿಗೆ. "ಏನಿಲ್ಲ ರೀ, ಸಣ್ಣ ಗಂಟಂತೆ. ಆಪರೇಷನ್ ಮಾಡಿ ತೆಗೆದುಬಿಡ್ತಾರಂತೆ," ಎಂದಳು.

ಅವನು ಸೂಜಿ ತೆಗೆದಿಟ್ಟು ನಕ್ಕ. "ಸಣ್ಣ ಗಂಟಿಗೆ ಎದೆ ಕೊಯ್ಸಿಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ? ಬೆಂಕಿ ಕಿಡಿ ಬಿದ್ದ ತೂತಿಗೆ ಇಡೀ ತೋಳು ಕತ್ತರಿಸ್ತಾರೇನೇ? ರಫು ಮಾಡ್ತಾರೆ!"

ಆದಷ್ಟೂ ಕತ್ತರಿ ಮುಟ್ಟದೆ ಬಟ್ಟೆ ಉಳಿಸುವವನೇ ಒಳ್ಳೆಯ ದರ್ಜಿ ಎಂದು ನಂಬಿದವನು ಅವನು. ಅವಳು ರಮಿಸಿದಳು, ಜಗಳ ಕಾದಳು, ಊಟ ಬಿಟ್ಟಳು. ಆಸಾಮಿ ಜಪ್ಪಯ್ಯ ಅನ್ನಲಿಲ್ಲ. ಅತ್ತ ಆಸ್ಪತ್ರೆಯಿಂದ ಅವಳಿಗೆ ಫೋನಿನ ಮೇಲೆ ಫೋನು. "ತಡ ಮಾಡಿದ್ರೆ ಬೇಗ ಸಿಕ್ಕಿದ್ದೂ ದಂಡ ಅಮ್ಮಾ," ಎಂದರು ಡಾಕ್ಟರು.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿ, ಹೊಲಿಗೆ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ರೀ, ಅದು ಗಂಟಲ್ಲ. ಕ್ಯಾನ್ಸರ್."

ಅವನು ಕನ್ನಡಕದ ಮೇಲಿನಿಂದ ನೋಡಿದ. ಆಮೇಲೆ ನಕ್ಕುಬಿಟ್ಟ. "ಭೇಷ್! ಹಟ ಗೆಲ್ಲೋಕೆ ಇಲ್ಲೀವರೆಗೂ ಬಂದ್ಯಾ?"

"ನಿಮ್ಮಾಣೆ ರೀ!"

"ನನ್ನಾಣೆ ನಿನಗೆ ಉಪ್ಪಿದ್ದ ಹಾಗೆ, ಎಲ್ಲಕ್ಕೂ ಹಾಕ್ತೀಯ."

"ಡಾಕ್ಟ್ರನ್ನೇ ಕೇಳಿ. ಈಗಲೇ ಹೋಗೋಣ, ಕೈ ಮುಗೀತೀನಿ."

"ಅವರಿಗೂ ಹೇಳಿಕೊಟ್ಟಿರ್ತೀಯ. ನಿಜವಾಗ್ಲೂ ಅಂಥದ್ದಾಗಿದ್ರೆ ಆವತ್ತೇ ನೀನು ಅತ್ತು ಕರೆದು ಊರು ಒಂದು ಮಾಡ್ತಿದ್ದೆ. ತಣ್ಣಗೆ ಬಂದು 'ಏನಿಲ್ಲ ರೀ' ಅಂತಿದ್ಯಾ? ನಿನ್ನ ನಾನು ಇವತ್ತು ನೋಡ್ತಿದ್ದೀನೇನೇ?"

ಅವಳು ಅಲ್ಲೇ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

"ಶುರುವಾಯ್ತಪ್ಪ ಇವಳದ್ದು," ಎಂದು ಅವನು ಪ್ರೀತಿಯಿಂದಲೇ ಗದರಿ, ಮೆಷಿನ್ನು ತುಳಿಯತೊಡಗಿದ.