ದೊರೆ ಕುಳಿತ ಪೆಟ್ಟಿಗೆ

ನಾನು ಪಾಠ ಮಾಡುವ ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಜಮೀಲಾಬೀ ಟೀಚರ್‌ಗೆ ಭೂತದ ಸಿನಿಮಾ ಎಂದರೆ ಪ್ರಾಣ. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು. ಅವತ್ತು ಅವರು ಫೋನನ್ನು ನನ್ನ ಮುಂದೆ ಹಿಡಿದು, ಇದು ನಿಮ್ಮ ಲಿಂಗಸುಗೂರಿನ ಕಡೆ ತೆಗೆದ ಸಿನಿಮಾ ಅಂತೆ, ಹಳೇದು, ಬಹಳ ಮಜಾ ಇದೆ ಅಂದರು. ಹೆಸರು ನೋಡಿದೆ. ‘ನೆತ್ತರ ದೊರೆ’. ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸು ಇಟ್ಟೆ.

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದನ್ನು ತೆಗೆದವನು ಸಿಂಧನೂರಿನ ಸಿದ್ದರಾಮ. ಹಿರಿಯರು, ‘ರು’ ಹಚ್ಚಿ ಮಾತಾಡಬೇಕು, ಗೊತ್ತು. ಆದರೆ ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಒಂದು ಕಾಲದಲ್ಲಿ ಅವನೂ ನಮ್ಮಪ್ಪ ಕರಿಬಸಯ್ಯನೂ ಒಂದೇ ತಾಟಿನಲ್ಲಿ ಉಂಡವರು. ಅಕ್ಕಿ ಗಿರಣಿಯವರ ಮಗನಾದ ಸಿದ್ದರಾಮನಿಗೆ ಸಿನಿಮಾದ ಹುಚ್ಚು. ೧೯೮೫ರಲ್ಲಿ ಎಲ್ಲಿಂದಲೋ ನಾಲ್ಕು ದಿನದ ಮಟ್ಟಿಗೆ ಕ್ಯಾಮರಾ ತಂದು, ಮುದಗಲ್ಲ ಕೋಟೆಯಲ್ಲಿ ರಕ್ತ ಕುಡಿಯುವ ದೊರೆಯ ಕಥೆ ತೆಗೆಯಲು ನಿಂತ. ಸತ್ತ ದೊರೆ ಹಗಲೆಲ್ಲ ಪೆಟ್ಟಿಗೆಯಲ್ಲಿದ್ದು ಕತ್ತಲಾದ ಮೇಲೆ ಹೊರಗೆ ಬರುತ್ತಾನೆ. ಆ ಪೆಟ್ಟಿಗೆ ಮಾಡುವ ಕೆಲಸವನ್ನು ಗೆಳೆಯನಿಗೆ ವಹಿಸಿದ.

ನಾವು ಜಂಗಮರು. ಊರಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಿನ ವಿಧಿ ಮಾಡಿಸುತ್ತಿದ್ದವರು ನಮ್ಮಜ್ಜ. ಅಪ್ಪ ಅದನ್ನು ಬಿಟ್ಟು ಬಡಿಗತನ ಕಲಿತದ್ದಕ್ಕೆ ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತಂತೆ. ಆದರೆ ಚಿಕ್ಕಂದಿನಿಂದ ಅಜ್ಜನ ಹಿಂದೆ ಹೋಗಿ ನೂರಾರು ಮಣ್ಣು ನೋಡಿದವನು ಅಪ್ಪ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂರಿಸಿಯೇ ಮಣ್ಣು ಕೊಡುತ್ತೇವೆ. ಸಿದ್ದರಾಮ ಅಳತೆ ಹೇಳಲಿಲ್ಲ, ಚಿತ್ರ ತೋರಿಸಲಿಲ್ಲ. ಸತ್ತ ದೊರೆಗೆ ಒಂದು ಒಳ್ಳೆಯ ಪೆಟ್ಟಿಗೆ ಬೇಕು ಎಂದಷ್ಟೇ ಹೇಳಿ ಹೋದ. ಅಪ್ಪ ತನಗೆ ತಿಳಿದಂತೆ ಮಾಡಿದ. ಎದೆಮಟ್ಟದ ಎತ್ತರ, ಬೆನ್ನಿಗೆ ಆನಿಕೆ, ಮುಂದೆ ಎರಡು ಬಾಗಿಲು, ಬಾಗಿಲ ತುಂಬ ಬಳ್ಳಿ, ಬಳ್ಳಿಯ ತುಂಬ ಗಿಣಿ. ಸಾಗವಾನಿಯಲ್ಲಿ ಹಗಲಿರುಳು ಕೂತು ಕೆತ್ತಿದ್ದು.

ಕೋಟೆಗೆ ಪೆಟ್ಟಿಗೆ ಬಂದಾಗ ಸಿದ್ದರಾಮ ಅದರ ಸುತ್ತ ಎರಡು ಸಲ ತಿರುಗಿದನಂತೆ. ಅವನು ಎಣಿಸಿದ್ದು ಮಲಗಿಸುವ ಉದ್ದನೆಯ ಪೆಟ್ಟಿಗೆ. ಬೇರೆ ಮಾಡಿಸಲು ವೇಳೆ ಇರಲಿಲ್ಲ. ದೊರೆಯನ್ನು ಅದರಲ್ಲೇ ಕೂರಿಸಿ ಚಿತ್ರ ತೆಗೆದ.

ಲಿಂಗಸುಗೂರಿನ ಟೆಂಟಿನಲ್ಲಿ ಮೊದಲ ಆಟ. ಬಾಗಿಲು ತೆರೆಯಿತು. ಒಳಗೆ ದೊರೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಕೋರೆಹಲ್ಲು ಹೊರಗೆ ಹಾಕಿ ಕೂತಿದ್ದ. ಟೆಂಟು ಒಂದು ಗಳಿಗೆ ಗಪ್ಪಾಯಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ಕೈಮುಗಿದು ‘ಶರಣು ಶರಣಾರ್ಥಿ’ ಅಂದಳು. ಆಮೇಲೆ ನಕ್ಕವರು ನಗುವುದನ್ನು ನಿಲ್ಲಿಸಲೇ ಇಲ್ಲ. ಅಪ್ಪ ಅರ್ಧಕ್ಕೇ ಎದ್ದು ಹೊರಗೆ ಬಂದ. ಹೊರಗೆ ನಿಂತಿದ್ದ ಸಿದ್ದರಾಮ ನಾಲ್ಕು ಮಂದಿಯ ಎದುರು, “ನನ್ನ ಸಿನಿಮಾಕ್ಕ ನೀನ ಮಣ್ಣು ಕೊಟ್ಟಿ” ಅಂದ. ಮೂರೇ ದಿನಕ್ಕೆ ಸಿನಿಮಾ ಎತ್ತಿಬಿಟ್ಟರು.

ಅವತ್ತಿನಿಂದ ಇಬ್ಬರೂ ಮಾತಾಡಿಲ್ಲ. ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಸಿಂಧನೂರಿಗೆ ಅಪ್ಪ ಮದುವೆಗೂ ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಗೆಳೆಯನ ಸಿನಿಮಾ ತನ್ನಿಂದಲೇ ಹಾಳಾಯಿತು ಎಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತು. ಅದಾದ ಮೇಲೆ ಅವನು ಮಾಡಿದ್ದೆಲ್ಲ ಬರೀ ಬಾಗಿಲ ಚೌಕಟ್ಟು, ಕಿಟಕಿ. ಬಳ್ಳಿ ಇಲ್ಲ, ಗಿಣಿ ಇಲ್ಲ. ಶಾಲೆಯಲ್ಲಿ ನನ್ನನ್ನು ‘ಕುಂತ ಪೆಟಿಗಿ ಅಯ್ಯನ ಮಗಳು’ ಎಂದ ಇಬ್ಬರಿಗೆ ನಾನು ಸ್ಲೇಟಿನಿಂದ ಬಾರಿಸಿದ್ದೇನೆ. ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಯಾರದೋ ಅಟ್ಟದಲ್ಲಿದ್ದ ವಿಡಿಯೋ ಕ್ಯಾಸೆಟ್ಟಿನಿಂದ ಯಾರೋ ಪುಣ್ಯಾತ್ಮ ಆ ಸಿನಿಮಾ ಯೂಟ್ಯೂಬಿಗೆ ಹಾಕಿದ್ದ. ಎರಡು ಲಕ್ಷ ಮಂದಿ ನೋಡಿದ್ದರು. ನಾನು ಸಿನಿಮಾ ಬಿಟ್ಟು ನೇರವಾಗಿ ಕಾಮೆಂಟಿಗೆ ಇಳಿದೆ. ಮದುವೆಗೆ ಹೋದರೂ ನನಗೆ ಊಟಕ್ಕಿಂತ ಊಟದ ಬಗ್ಗೆ ಮಂದಿ ಏನಂತಾರೆ ಎಂಬುದೇ ಮುಖ್ಯ.

‘ಬಾವಲಿಗೆ ಕಟ್ಟಿದ ದಾರ ಕಾಣುತ್ತದೆ, ಆದರೂ ಇಡೀ ಸಿನಿಮಾದಲ್ಲಿ ಚೆನ್ನಾಗಿ ನಟಿಸಿದ್ದು ಬಾವಲಿಯೇ’ ಎಂದು ಒಬ್ಬ. ‘ಇದು ರಕ್ತ ಅಲ್ಲ, ಎಲೆಅಡಿಕೆ’ ಎಂದು ಇನ್ನೊಬ್ಬ. ಹೀರೋನ ಪ್ಯಾಂಟಿನ ಅಗಲದ ಬಗ್ಗೆಯೇ ಅರವತ್ತು ಮಂದಿ ಮಾತಾಡಿದ್ದರು. ನಾನು ಪೆಟ್ಟಿಗೆಯ ಮಾತು ಯಾವಾಗ ಬರುತ್ತದೆ ಎಂದು ಕಾದೆ. ಬಂತು. ಪೋರ್ಚುಗಲ್ಲಿನ ಯಾವನೋ ಬರೆದಿದ್ದನ್ನು ಫೋನೇ ಕನ್ನಡಕ್ಕೆ ತಿರುಗಿಸಿ ಕೊಟ್ಟಿತು: ‘ನಾನು ನೋಡಿದ ರಕ್ತಪಿಶಾಚಿಗಳೆಲ್ಲ ಮಲಗಿರುತ್ತವೆ. ಮಲಗಿದವನಿಗೆ ಯಾರು ಹೆದರುತ್ತಾರೆ? ಇವನು ಕುಳಿತಿದ್ದಾನೆ. ಕುಳಿತವನು ಯಾರಿಗೋ ಕಾಯುತ್ತಿರುತ್ತಾನೆ. ನಾನು ಎದ್ದು ಅಡುಗೆಮನೆಯ ದೀಪ ಹಾಕಿ ಬಂದೆ.’

ಅದರ ಕೆಳಗೆ ಪೆಟ್ಟಿಗೆ ಹೊಗಳುವವರ ಜಾತ್ರೆಯೇ ನೆರೆದಿತ್ತು. ಒಬ್ಬ ಪಂಡಿತ ಮಸ್ಕಿಯಲ್ಲಿ ಅಶೋಕನ ಶಾಸನವಿದೆ, ಆದ್ದರಿಂದ ಈ ದೊರೆ ಪದ್ಮಾಸನದಲ್ಲಿ ಕುಳಿತದ್ದಕ್ಕೆ ಬೌದ್ಧ ಅರ್ಥವಿದೆ ಎಂದು ಉದ್ದಕ್ಕೆ ಬರೆದಿದ್ದ. ಎಲ್ಲರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ನಿರ್ದೇಶಕ ಸಿದ್ದರಾಮರ ಪ್ರತಿಭೆಗೆ ಶರಣು.

ನನಗೆ ಮೈ ಉರಿದುಹೋಯಿತು. ಮಂದಿ ನಕ್ಕಾಗ ಪೆಟ್ಟಿಗೆ ಅಪ್ಪನದು, ಮಂದಿ ಮೆಚ್ಚಿದಾಗ ಸಿದ್ದರಾಮನದು. ಇದು ಯಾವ ಸೀಮೆಯ ನ್ಯಾಯ? ಅಲ್ಲೇ ಕೂತು, ಆ ಪೆಟ್ಟಿಗೆ ಮಾಡಿದವರು ನಮ್ಮ ತಂದೆ ಎಂದು ಬರೆದೆ. ಹತ್ತೇ ನಿಮಿಷಕ್ಕೆ ಒಬ್ಬ, ‘ಹೌದಾ? ಬಾವಲಿ ನಮ್ಮ ಚಿಕ್ಕಪ್ಪ’ ಎಂದು ಉತ್ತರಿಸಿದ.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಮುಗಿದದ್ದೇ ಲಿಂಗಸುಗೂರಿನ ಬಸ್ಸು ಹತ್ತಿದೆ. ಅಪ್ಪ ಅಂಗಡಿಯಲ್ಲಿ ಚೌಕಟ್ಟಿಗೆ ರಂದಾ ಹೊಡೆದು ನುಣುಪು ಮಾಡುತ್ತಿದ್ದ. ಅರವತ್ತೆಂಟಾದರೂ ಕೈ ನಡುಗುವುದಿಲ್ಲ. ನಾನು ಒಂದೊಂದೇ ಕಾಮೆಂಟು ಓದಿ ಹೇಳಿದೆ. ಪೋರ್ಚುಗಲ್ಲಿನವನದನ್ನು ಎರಡು ಸಲ ಓದಿದೆ. ಅಪ್ಪ ರಂದಾ ನಿಲ್ಲಿಸಲಿಲ್ಲ. ಸಿದ್ದರಾಮನಿಗೆ ಫೋನು ಹಚ್ಚಿ ನಾಲ್ಕು ಮಾತು ಕೇಳಿಯೇಬಿಡುತ್ತೇನೆ ಅಂದೆ. ಆಗ ಅವನು ಕೈ ಒರೆಸಿಕೊಂಡು ಬಂದು ಪಕ್ಕಕ್ಕೆ ಕೂತ.

“ಸಿನಿಮಾ ನಾ ಪೂರ್ತಿ ನೋಡಿಲ್ಲವ್ವ. ಬಾಗಿಲ ತೆರದಕೂಡ್ಲೆ ಎದ್ದು ಬಂದೆ. ತೋರಸು.”

ಇಷ್ಟು ವರ್ಷ ಬೈಸಿಕೊಂಡವನು ಯಾವುದಕ್ಕೆ ಬೈಸಿಕೊಂಡೆನೆಂದು ನೋಡಿಯೇ ಇರಲಿಲ್ಲ. ನನಗೆ ಅಳು ಬಂತು. ಮುಖ ತಿರುಗಿಸಿಕೊಂಡು ಫೋನನ್ನು ಮರದ ಹೊಟ್ಟಿನ ಡಬ್ಬಿಗೆ ಆನಿಸಿಟ್ಟೆ.

ಅಪ್ಪ ಒಂದು ಸಲವೂ ನಗಲಿಲ್ಲ. ಬಡಿಗ ಬಾಗಿಲು ನೋಡುವ ಹಾಗೆ ಸಿನಿಮಾ ನೋಡಿದ. ಹೀರೋಯಿನ್ ಓಡುವಾಗ ಸೀರೆ ಜಾಲಿಮುಳ್ಳಿಗೆ ಸಿಕ್ಕಿ ಆಕೆ ಎಡವುತ್ತಾಳೆ, ನಕ್ಕುಬಿಡುತ್ತಾಳೆ, ಮತ್ತೆ ಕಿರುಚುತ್ತಾಳೆ. ಅದೂ ಹಾಗೇ ಸಿನಿಮಾದಲ್ಲಿದೆ. ಆಮೇಲೆ ಪೆಟ್ಟಿಗೆ ಬಂತು, ಬಾಗಿಲು ತೆರೆಯಿತು, ದೊರೆ ಕಂಡ. ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಕ್ಯಾಮರಾ ದೊರೆಯನ್ನು ಬಿಟ್ಟು ಬಾಗಿಲಿಗೆ ಬಂತು. ಬಳ್ಳಿ ಹಿಡಿದು ಮೇಲೆ ಹೋಯಿತು, ಒಂದೊಂದೇ ಗಿಣಿಯ ಹತ್ತಿರ ನಿಂತು ಕೆಳಗಿಳಿಯಿತು, ಹಿಂದೆ ಹೋಗಿ ಬೆನ್ನಿನ ಕೆತ್ತನೆಯನ್ನೂ ಸವರಿಕೊಂಡು ಬಂತು. ಕಥೆಗೆ ಅದರ ಅಗತ್ಯವೇ ಇರಲಿಲ್ಲ. ದೊರೆ ಪಾಪ ಅಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತೇ ಇದ್ದ.

ಅಪ್ಪ ಅಷ್ಟನ್ನೇ ಮೂರು ಸಲ ಹಾಕಿಸಿದ. ಮೂರನೆಯ ಸಲ ಪರದೆಯ ಕೆಳಗಿನ ಅಂಕಿಯ ಮೇಲೆ ಬೆರಳಿಟ್ಟ.

“ಆ ಹುಡುಗಿ ಎಡವಿದ್ದು ಇನ್ನೊಮ್ಮೆ ತಗೀಲಿಲ್ಲ ಅಂವ. ರೀಲ್ ತುಟ್ಟಿ, ಹಂಗ ಇರ್ಲಿ ಅಂದಿದ್ದ. ನಾನೂ ಅಲ್ಲೇ ಇದ್ದೆ. ಪೆಟಿಗಿ ಇಟ್ಟು ಮರ ತರಾಕ ಊರಿಗೆ ಬಂದೆ ನೋಡು, ಆವಾಗ ಇದನ್ನ ತಗದಾನ. ನಾಕೂವರಿ ಮಿನಿಟು.”

ಎದ್ದು ಕೈಕಾಲು ತೊಳೆದ. ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟ. ಸಿಂಧನೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.

ಇಬ್ಬರೂ ಬಸ್ಸು ಹತ್ತಿದೆವು. ಮಸ್ಕಿ ದಾಟಿ ಕಾಲುವೆಯ ಭತ್ತದ ಗದ್ದೆಗಳು ಶುರುವಾದಾಗ ಅಪ್ಪ, ಇಷ್ಟು ಹಸಿರಾಗಿದೆಯೇ ಈ ಕಡೆ ಎಂದ. ನಾನು ಸಿದ್ದರಾಮನಿಗೆ ಅನ್ನಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡೆ. ಒಂದಕ್ಕಿಂತ ಒಂದು ಖಾರವಾಗಿದ್ದವು.

ಸಿದ್ದರಾಮ ಮನೆಯ ಮುಂದಿನ ಕಟ್ಟೆಯಲ್ಲಿ ಚಾ ಕುಡಿಯುತ್ತ ಕೂತಿದ್ದ. ದಪ್ಪ ಕನ್ನಡಕ, ತಲೆ ಪೂರ್ತಿ ಬೋಳು. ನಮ್ಮನ್ನು ನೋಡಿ ಕಪ್ಪು ಕೆಳಗಿಟ್ಟ, ಏಳಲು ಹೋದ, ಆಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಮುಂಗೈ ಹಿಡಿದು ತಡೆದ.

“ಸಿದ್ದು, ನನ್ನ ಪೆಟಿಗಿ ಮ್ಯಾಲ ಅಷ್ಟು ರೀಲ್ ಯಾಕ ಹಾಕಿದಿ?”

ಸಿದ್ದರಾಮ ಕೆಳಗಿಟ್ಟ ಕಪ್ಪನ್ನು ಪಕ್ಕಕ್ಕೆ ಸರಿಸಿ ಕಟ್ಟೆಯಲ್ಲಿ ಜಾಗ ಮಾಡಿದ.

“ಚೆಂದ ಇತ್ತಲ್ಲೋ ಅಯ್ಯ. ಕ್ಯಾಮರಾ ಬ್ಯಾರೆ ಕಡಿ ತಿರುಗಸಾಕ ಮನಸ ಬರಲಿಲ್ಲ.”

“ಮತ್ತ ಅವತ್ತು ಹಂಗ್ಯಾಕಂದಿ?”

“ಮಂದಿ ನಗಾಕತ್ತಿದ್ರು.”

ಅಪ್ಪನ ಹಿಡಿತ ಸಡಿಲವಾಯಿತು. ಕಟ್ಟೆಯ ಮೇಲೆ, ಸಿದ್ದರಾಮನಿಗೆ ಮೊಣಕೈ ತಾಗುವಷ್ಟು ಹತ್ತಿರ ಹೋಗಿ ಕೂತ. ಬಿಳಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ನಾನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಒಳಗಿನಿಂದ ಯಾರೋ ಮತ್ತೆರಡು ಕಪ್ಪು ಚಾ ತಂದಿಟ್ಟು ಹೋದರು.

“ಇನ್ನೊಮ್ಮೆ ಅನ್ನು,” ಅಂದ ಅಪ್ಪ.

“ಏನಂತ?”

“ಪೆಟಿಗಿ ಬಗ್ಗೆ ಅಂದ್ಯಲ್ಲ, ಅದು.”

ಸಿದ್ದರಾಮ ಗೆಳೆಯನ ಮುಖ ನೋಡಿ, ಇನ್ನೊಮ್ಮೆ ಅಂದ.