ಬೆಳಕಿಗೆ ಅಡ್ಡ ಕಟ್ಟಿದ ಫ್ಲೆಕ್ಸು

ನಾನು ಒಂದು ಫ್ಲೆಕ್ಸು. ಮೂಗು ಮುರಿಯಬೇಡಿ. ಊರಿನ ಅಂದ ಕೆಡಿಸುವವರು ನಾವೇ ಎಂದು ನೀವು ಬೈಯುವುದನ್ನು ದಿನವೂ ಕೇಳಿದ್ದೇನೆ. ಆದರೆ ನನ್ನನ್ನು ಮಾಡಿಸಿದವರೂ ನೀವೇ, ಕತ್ತೆತ್ತಿ ಓದಿದವರೂ ನೀವೇ, ನಂಬಿದವರೂ ನೀವೇ.

ಹುಟ್ಟಿದ್ದು ದಾವಣಗೆರೆಯ ಒಂದು ಗಲ್ಲಿಯ ಪ್ರಿಂಟಿಂಗ್ ಅಂಗಡಿಯಲ್ಲಿ. ಬರೀ ಬಿಳಿ ಸುರುಳಿಯಾಗಿ ಮಷೀನಿನೊಳಗೆ ಹೋದ ನಾನು ಹೊರಗೆ ಬರುವಾಗ ಒಬ್ಬ ಹುಡುಗಿಯ ಮುಖ ಹೊತ್ತು ಬಂದೆ. ಕನ್ನಡಕ, ಎರಡು ಜಡೆ, ಬಾಗಿಲಿನಷ್ಟು ದೊಡ್ಡ ನಗು. ಹೆಸರು ಸುಚೇತಾ. ಕೆಳಗೆ ಕೆಂಪಕ್ಷರದಲ್ಲಿ, ‘ನೀಟ್‌ನಲ್ಲಿ ಮಿಂಚಿದ ನಮ್ಮ ಹೆಮ್ಮೆಯ ವಿದ್ಯಾರ್ಥಿನಿ.’

ಕಂಪ್ಯೂಟರಿನ ಮುಂದೆ ಕುಳಿತಿದ್ದ ಶಫಿ ತಲೆ ಕೆರೆದುಕೊಂಡಿದ್ದ. “ಸರ್, ಈ ಹುಡುಗಿ ಮುಖಾನ ನಿನ್ನೆ ಇನ್ನೊಂದು ಕೋಚಿಂಗ್‌ನೋರ ಫ್ಲೆಕ್ಸಿಗೂ ಹಾಕೀನಿ.”

ಕೋಚಿಂಗ್ ಸೆಂಟರಿನ ಮ್ಯಾನೇಜರು ಸ್ವಲ್ಪವೂ ಅಳುಕಲಿಲ್ಲ. “ಅವರೂ ಹಾಕ್ಕೊಳ್ಳಿ ಬಿಡಪ್ಪ. ನಮ್ದು ಅವರದಕ್ಕಿಂತ ದೊಡ್ಡದು ಮಾಡು.”

ಹೀಗೆ ನಾನು ಅಷ್ಟು ದೊಡ್ಡದಾಗಿ ಹುಟ್ಟಿದೆ.

ಕೋಚಿಂಗ್ ಸೆಂಟರಿನ ಎರಡನೇ ಮಹಡಿಗೆ ನನ್ನನ್ನು ಎಳೆದು ಕಟ್ಟಿದರು. ಆ ಮಹಡಿಯ ಕಿಟಕಿಗಳೆಲ್ಲ ಮುಚ್ಚಿಹೋದವು. “ಸರ್, ಕತ್ತಲಾಗ್ತತಿ” ಎಂದು ಒಳಗಿನಿಂದ ಯಾರೋ ಕೂಗಿದರು. “ಲೈಟ್ ಹಾಕ್ಕೊಳ್ರಿ” ಎಂದು ಉತ್ತರ ಬಂತು. ನನ್ನ ಮುಖ ಬೀದಿಗೆ, ಬೆನ್ನು ಆ ಕೋಣೆಗೆ. ಎರಡು ಕಡೆಯ ಮಾತೂ ನನ್ನ ಮೇಲೇ ಬಂದು ಬೀಳುತ್ತಿತ್ತು.

ಬೀದಿಯಲ್ಲಿ, ನನ್ನ ನೇರಕ್ಕೇ, ಹಾಲಮ್ಮನ ಮಂಡಕ್ಕಿ-ಮೆಣಸಿನಕಾಯಿ ಗಾಡಿ ನಿಲ್ಲುತ್ತಿತ್ತು. ಗಂಡ ತೀರಿಕೊಂಡ ಮೇಲೆ ಬಾಣಲೆ ಹಿಡಿದ ಗಟ್ಟಿಗಿತ್ತಿ ಆಕೆ. ಮಗಳು ನಾಗವೇಣಿಗೆ ಡಾಕ್ಟರಾಗುವ ಹಂಬಲ. ಮೊದಲ ಸಲ ನೀಟ್ ಬರೆದಾಗ ಸೀಟು ಸ್ವಲ್ಪದರಲ್ಲೇ ತಪ್ಪಿಹೋಗಿತ್ತು. “ಇನ್ನೊಂದು ವರ್ಷ ನನ್ನ ಹತ್ರ ಬಾ, ನಿಂಗೆ ಆಗ್ತತಿ” ಎಂದು ಸರ್ಕಾರಿ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು ಬೆಳಿಗ್ಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಮೆಣಸಿನಕಾಯಿ ಸೀಳುತ್ತಲೇ ನಾಗವೇಣಿ ಅಂದಿನ ಪಾಠವನ್ನು ಅವ್ವನಿಗೆ ಒಪ್ಪಿಸುತ್ತಿದ್ದಳು. ಅವ್ವನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೂ ಹೂಂಗುಡುತ್ತಿದ್ದಳು. ನೋಡಿ ನನಗೆ ಖುಷಿಯಾಗುತ್ತಿತ್ತು.

ಒಂದು ಸಂಜೆ ಸುಚೇತಾಳೇ ಗಾಡಿಗೆ ಬಂದಳು. ಹಾಲಮ್ಮ ಮೇಲೆ ನನ್ನನ್ನು ನೋಡಿದಳು, ಕೆಳಗೆ ಅವಳನ್ನು ನೋಡಿದಳು. “ಅವ್ವಾ, ನೀನೇ ಅಲ್ಲೇನು ಅದು?”

ಹುಡುಗಿ ನಾಚಿಕೊಂಡಳು. “ಅಯ್ಯೋ ಆಂಟಿ, ನಾನು ಇಲ್ಲಿ ಓದೇ ಇಲ್ಲ. ಮಾಡೆಲ್ ಪರೀಕ್ಷೆ ಪುಕ್ಕಟೆ ಇಟ್ಟಿದ್ರು. ಒಂದಿನ ಬಂದು ಬರ್ದು ಹೋದೆ, ಅಷ್ಟೇ.”

ನನ್ನ ಎದೆಯ ಭಾರ ಇಳಿದಂತಾಯಿತು. ಸದ್ಯ, ಸತ್ಯ ಹೊರಗೆ ಬಂತಲ್ಲ!

ಹಾಲಮ್ಮ ಕರಿಯುವ ಜಾಲರಿ ಸೌಟು ಹಿಡಿದುಕೊಂಡೇ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅವಳ ಮುಖ ಅರಳಿತು. “ಒಂದಿನ ಬಂದು ಹೋಗಿದ್ದಕ್ಕೇ ಇಷ್ಟ್ ಮೇಲಕ್ಕೆ ಹೋಗೀಯಲ್ಲವ್ವ! ನಮ್ ನಾಗು ವರ್ಷಪೂರ್ತಿ ಕುಂತ್ರೆ ಹೆಂಗಾದೀತು!”

“ಹಂಗಲ್ಲ ಆಂಟಿ...” ಎಂದು ಸುಚೇತಾ ಶುರುಮಾಡಿದಳು. ಕೇಳುವವರು ಯಾರು? ನಾನು ಹಗ್ಗ ಹರಿಯುವಂತೆ ಪಟಪಟ ಬಡಿದುಕೊಂಡೆ. “ಗಾಳಿ ಎದ್ದತಿ, ಮಂಡಕ್ಕಿ ಮುಚ್ಚೇ ನಾಗು” ಎಂದಳು ಹಾಲಮ್ಮ.

ನಾಗವೇಣಿ ಬೇಡವೆಂದಳು. “ಮೇಷ್ಟ್ರು ಚಲೋ ಹೇಳಿಕೊಡ್ತಾರಲ್ಲವ್ವ.”

“ಪುಕ್ಕಟೆ ಕೊಟ್ಟಿದ್ದು ಪುಕ್ಕಟೆ ಹಂಗೇ ಇರ್ತತಿ. ಬೆವರು ಸುರಿಸಿ ಕಟ್ಟಿದ್ದು ಕೈ ಬಿಡಲ್ಲ.”

ಸ್ವಲ್ಪ ದಿನದಲ್ಲೇ ಹಾಲಮ್ಮನ ಕಿವಿಯಲ್ಲಿ ಬೆಂಡೋಲೆ ಇದ್ದ ಜಾಗಕ್ಕೆ ಬೇವಿನ ಕಡ್ಡಿ ಬಂತು. ನಾಗವೇಣಿ ನನ್ನ ಮುಂದಿನಿಂದ ಬೆನ್ನ ಹಿಂದಕ್ಕೆ ಬಂದಳು.

ಸುಳ್ಳು ಹೇಳಬಾರದು, ಕೆಳಗಿನ ಮಹಡಿಯಲ್ಲಿ ಒಳ್ಳೆಯ ಪಾಠವೇ ನಡೆಯುತ್ತಿತ್ತು. ದೂರದೂರದಿಂದ ಕರೆಸಿದ ಮೇಷ್ಟ್ರುಗಳು ಅಲ್ಲಿದ್ದರು. ಮೊದಲೇ ಹೆಚ್ಚು ಅಂಕ ತೆಗೆದ ಮಕ್ಕಳನ್ನು ಆರಿಸಿ ಅಲ್ಲಿ ಕೂರಿಸುತ್ತಿದ್ದರು, ಕೆಲವರಿಗೆ ಫೀಸೂ ಇರಲಿಲ್ಲ. ತಡವಾಗಿ ಸೇರಿದವರಿಗೆ ಎರಡನೇ ಮಹಡಿಯ ಕೊನೆಯ ಬ್ಯಾಚು. ಇಲ್ಲಿ ಗೋಡೆಗೊಂದು ಟಿವಿ. ಅದರೊಳಗಿನ ಮೇಷ್ಟ್ರು “ಅರ್ಥ ಆಯ್ತಾ?” ಎಂದು ಕೇಳಿ, ತಾವೇ ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದರು. ಮೊದಮೊದಲು ನಾಗವೇಣಿ ಕೈ ಎತ್ತುತ್ತಿದ್ದಳು. ಟಿವಿಗೆ ಕೈ ಎತ್ತಿದಳೆಂದು ಪಕ್ಕದವರು ನಕ್ಕರು. ಆಮೇಲೆ ಎತ್ತುವುದನ್ನು ಬಿಟ್ಟಳು. ಕಿಟಕಿಯ ಪಕ್ಕವೇ ಅವಳ ಜಾಗ. ಕರೆಂಟು ಹೋದಾಗ ಪುಸ್ತಕವನ್ನು ನನ್ನ ಕಡೆಗೆ ಹಿಡಿದು ಬೆಳಕು ಹುಡುಕುತ್ತಿದ್ದಳು. ಪಕ್ಕಕ್ಕೆ ಸರಿಯೋಣವೆಂದರೆ ನಾಲ್ಕೂ ಮೂಲೆ ಬಿಗಿದು ಕಟ್ಟಿದ್ದರು. ಏನು ಮಾಡಲಿ?

ಫಲಿತಾಂಶ ಬಂತು. ಹೋದ ಸಲಕ್ಕಿಂತ ಕಡಿಮೆ.

ಅದೇ ವಾರ ನನ್ನನ್ನು ಬಿಚ್ಚಿ ಹೊಸ ಮುಖಗಳ ಫ್ಲೆಕ್ಸು ಕಟ್ಟಿದರು. “ಬಿಸಾಕಬ್ಯಾಡ್ರಪ್ಪ, ಗಾಡಿ ಮೇಲೆ ಹೊದಿಸ್ಕೊಂತೀನಿ” ಎಂದು ಹಾಲಮ್ಮ ನನ್ನನ್ನು ಕೇಳಿ ಪಡೆದಳು. ಅಂದಿನಿಂದ ಅವಳ ಗಾಡಿಯ ಚಪ್ಪರ ನಾನು. ಎಣ್ಣೆಯ ಹೊಗೆ ಕುಡಿದು ಸುಚೇತಾಳ ನಗು ಕಪ್ಪಿಟ್ಟಿತು.

ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಾಲಮ್ಮ ಮೆಲ್ಲಗೆ ಕೇಳಿದಳು. “ಖರೇ ಹೇಳು ನಾಗು. ಅವ್ರು ಸರಿಯಾಗಿ ಹೇಳಿಕೊಡ್ಲಿಲ್ಲೇನು?”

ನಾಗವೇಣಿ ಅವ್ವನ ಕಿವಿ ನೋಡಿದಳು. ಅಲ್ಲಿನ್ನೂ ಬೇವಿನ ಕಡ್ಡಿಯೇ ಇತ್ತು. “ಇಲ್ಲವ್ವ, ಅವ್ರು ಚಲೋನೇ ಹೇಳಿದ್ರು. ನಾನೇ ಸರಿಯಾಗಿ ಓದ್ಲಿಲ್ಲ.”

ಹಾಲಮ್ಮ ಬೈಯಲಿಲ್ಲ. ಮಗಳ ತಲೆ ಸವರಿ, ಹಿಟ್ಟು ಕಲಸತೊಡಗಿದಳು.

ಮೊನ್ನೆ ಒಬ್ಬ ಆಟೋದವನು ಮಂಡಕ್ಕಿ ತಿನ್ನುತ್ತ ಎದುರಿನ ಕಟ್ಟಡ ತೋರಿಸಿದ. ಮಗನಿಗೆ ಡಾಕ್ಟರಾಗುವ ಆಸೆಯಂತೆ. “ನಿಮ್ ಹುಡುಗಿ ಅಲ್ಲೇ ಓದಿದ್ಲಂತಲ್ಲಕ್ಕ, ಹೆಂಗೈತಿ? ಸೇರಿಸ್ಬೋದಾ?”

“ಸೇರಿಸ್ರಿ ಅಣ್ಣಾ” ಎಂದಳು ಹಾಲಮ್ಮ. “ಕೋಚಿಂಗ್ ಭಾಳ ಚಲೋ ಐತಿ. ನಮ್ ಹುಡುಗಿನೇ ಓದ್ಲಿಲ್ಲ, ಅವ್ರೇನ್ ಮಾಡ್ತಾರ?”

ಈರುಳ್ಳಿ ಹೆಚ್ಚುತ್ತಿದ್ದ ನಾಗವೇಣಿಯ ಕೈ ನಿಂತಿತು. ಬಾಯಿ ತೆರೆದಳು. ಅವ್ವನ ಕಡೆ ನೋಡಿ ಮುಚ್ಚಿಕೊಂಡಳು. ಆಟೋದವನು ಕೈ ಒರೆಸಿಕೊಂಡು ರಸ್ತೆ ದಾಟಿದ.

ಈ ಚಪ್ಪರವೂ ಇನ್ನು ಹೆಚ್ಚು ದಿನದ್ದಲ್ಲ. ನಡುವೆ ಹರಿದಿದ್ದೇನೆ, ಬಿಸಿಲಿಗೆ ಪುಡಿಯಾಗುತ್ತಿದ್ದೇನೆ. ಅದಕ್ಕೆ ದುಃಖವಿಲ್ಲ. ನನಗೆ ಬಾಯಿಲ್ಲ, ಸುಮ್ಮನಿದ್ದೆ. ಬಾಯಿದ್ದ ನಾಗವೇಣಿಯೂ ಸುಮ್ಮನಾದಳಲ್ಲ, ಅದೇ ನನಗೆ ಸಂಕಟ.