ಅದಲುಬದಲಾದ ಹೆಸರುಗಳು

ಲೇಖಕರ ಓಣಿ ಎಂದು ಜನ ಕರೆಯುತ್ತಿದ್ದ ಆ ಓಣಿಯಲ್ಲಿ ಈಗ ಒಬ್ಬ ಲೇಖಕರೂ ಉಳಿದಿರಲಿಲ್ಲ. ಉಳಿದವರೆಂದರೆ ಕಾದಂಬರಿಕಾರರ ಮಗಳಾದ ನಿವೃತ್ತ ಟೀಚರು. ಪಕ್ಕದ ಮನೆಯಲ್ಲಿ ವಿಮರ್ಶಕರ ಮಗ, ಕನ್ನಡಕದಂಗಡಿಯವನು. ಅಪ್ಪಂದಿರದು ಹಾವು-ಮುಂಗುಸಿ ಸಂಬಂಧ. ನಡುವೆ ಒಂದೇ ಗೋಡೆ. ಕಾದಂಬರಿಕಾರರು ಬರೆಯಲು ಕೂತರೆ ವಿಮರ್ಶಕರು ಬೇಕೆಂದೇ ಕೆಮ್ಮುತ್ತಿದ್ದರು. ಅವರು ಮಲಗಿದರೆ ಇವರು ಟೈಪ್‌ರೈಟರ್ ಕುಟ್ಟುತ್ತಿದ್ದರು. ಮಕ್ಕಳೂ ಮುಖ ಕೊಟ್ಟು ಮಾತಾಡಿದವರಲ್ಲ.

ಓಣಿಯ ಚರಿತ್ರೆ ಉಳಿಸುತ್ತೇವೆಂದು ನಗರಸಭೆಯವರು ಮನೆಮನೆಗೂ ಅಲ್ಲಿದ್ದ ಲೇಖಕರ ಹೆಸರು ಕೆತ್ತಿದ ಕಲ್ಲು ಕೂರಿಸಿದರು. ಟೀಚರು ಪೇಟೆಯಿಂದ ಬಂದು ನೋಡಿದರೆ, ತಮ್ಮ ಬಾಗಿಲ ಪಕ್ಕದಲ್ಲಿ ವಿಮರ್ಶಕರ ಹೆಸರು! ಅಪ್ಪನ ಹೆಸರು ಆಚೆಮನೆಯ ಗೋಡೆಯ ಮೇಲೆ.

ನಗರಸಭೆಗೆ ಅಲೆದಲೆದು ಟೀಚರ ಚಪ್ಪಲಿ ಸವೆಯಿತು. ಕಚೇರಿಯ ಅಧಿಕಾರಿ ಆಕಳಿಸುತ್ತ ಹೇಳಿದ: "ಓಣಿ ಒಂದೇ ತಾನೆ ಮೇಡಂ? ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ರೀ!"

"ಹಾಗಾದ್ರೆ ಪಕ್ಕದವರನ್ನೂ ಕರ್ಕೊಂಡು ಬನ್ನಿ."

ಬಿಗುಮಾನ ನುಂಗಿಕೊಂಡು ಟೀಚರು ಮೊದಲ ಬಾರಿಗೆ ಆ ಬಾಗಿಲು ತಟ್ಟಿದರು.

"ನಾನೇ ಬರೋನಿದ್ದೆ," ಎಂದ ಕನ್ನಡಕದಂಗಡಿಯವನು. "ನಮ್ಮಪ್ಪ ಉಗಿದು ಉಪ್ಪಿನಕಾಯಿ ಹಾಕಿದ ಕಾದಂಬರಿಗಳೆಲ್ಲ ನಮ್ಮನೇಲೇ ಹುಟ್ಟಿದ್ವು ಅಂತಾರೆ ಜನ. ಮೈ ಉರಿಯುತ್ತೆ!"

ಇಬ್ಬರೂ ಹೋದರು. ಅಧಿಕಾರಿ ಕೈ ಚೆಲ್ಲಿದ. "ಕಲ್ಲು ಹಾಕಿಸಿದ ಸಮಿತಿಯೇ ಬರಖಾಸ್ತಾಯ್ತು. ಅಷ್ಟು ಬೇಜಾರಿದ್ರೆ ಮನೇನೇ ಅದಲುಬದಲು ಮಾಡ್ಕೊಳ್ಳಿ," ಎಂದು ತನ್ನ ಮಾತಿಗೆ ತಾನೇ ನಕ್ಕ.

ಮರುದಿನ ಕಲ್ಲುಗಳನ್ನೇ ಕಿತ್ತು ಅದಲುಬದಲು ಮಾಡೋಣವೆಂದು ಇಬ್ಬರೂ ಸುತ್ತಿಗೆ, ಉಳಿ ಹಿಡಿದು ಕನ್ನಡಕದಂಗಡಿಯವನ ಬಾಗಿಲಲ್ಲಿ ನಿಂತರು. ಸಿಮೆಂಟು ಜಪ್ಪಯ್ಯ ಅನ್ನಲಿಲ್ಲ. ಟೀಚರ ಅಪ್ಪನ ಹೆಸರಿನ ಮೊದಲ ಅಕ್ಷರ ಮಾತ್ರ ಚಕ್ಕೆಯೆದ್ದು ಹಾರಿತು. ಅಷ್ಟರಲ್ಲಿ ಓಣಿ ನೋಡಲು ಬಂದ ಹುಡುಗಿಯೊಬ್ಬಳು, "ಅಜ್ಜಿ, ಸ್ವಲ್ಪ ಸರೀರಿ, ಫೋಟೋ ತೆಗೀಬೇಕು," ಎಂದಳು.

"ಅವರಿದ್ದದ್ದು ಈ ಮನೇಲಲ್ಲಮ್ಮ, ಆ ಮನೇಲಿ. ನಾನು ಅವರ ಮಗಳು."

"ಕಲ್ಲಲ್ಲೇ ಬರೆದಿದೆಯಲ್ಲ ಅಜ್ಜಿ!" ಹುಡುಗಿ ಫೋಟೋ ತೆಗೆದುಕೊಂಡು ಹೊರಟೇಹೋದಳು.

"ಬಿಡಿ ಅಕ್ಕಾ, ಒಳಗೆ ಬನ್ನಿ, ಟೀ ಕುಡಿಯೋಣ," ಎಂದ ಕನ್ನಡಕದಂಗಡಿಯವನು.

"ಟೀ ಆಮೇಲೆ. ಆ ಉಳಿ ಕೊಡಿ ಇಲ್ಲಿ."

ಸಂಜೆಯ ಹೊತ್ತಿಗೆ ಎರಡು ಕಲ್ಲಿನ ಮೇಲೂ ಒಂದಕ್ಷರ ಉಳಿದಿರಲಿಲ್ಲ. ತಪ್ಪೇನೋ ಹೋಯಿತು, ಅಪ್ಪನೂ ಹೋದ. ತಮ್ಮ ಕೈಯಾರೆ ಅಳಿಸಿದ್ದರ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ, ಟೀಚರು ಮೈತುಂಬ ಕಲ್ಲುಪುಡಿ ಹೊತ್ತುಕೊಂಡು ಮೆಟ್ಟಿಲ ಮೇಲೆ ಕೂತೇ ಇದ್ದರು.